ಮಹಜರಿಗೆ ಸಹಿ ಹಾಕಿದ ಹೆಂಗಸರು

ಗಂಜಾಂನಲ್ಲಿ ನಾನಿದ್ದದ್ದು ಒಂದು ವಠಾರದ ಹಿಂಭಾಗದ ಕೋಣೆ. ಭಾನುವಾರ ಬಂತೆಂದರೆ ನಿಮಿಷಾಂಬನ ಗುಡಿಗೆ ಹೋಗುವವರ ಗದ್ದಲ ಬೆಳಗಿನಿಂದಲೇ ಶುರುವಾಗುತ್ತಿತ್ತು. ಒಬ್ಬರಾದರೂ ಒಂಟಿಯಾಗಿ ಬರುತ್ತಿರಲಿಲ್ಲ. ಅತ್ತೆ, ನಾದಿನಿ, ಕಂಕುಳಲ್ಲಿ ಕೂಸು, ಕೈಯಲ್ಲಿ ಬುತ್ತಿ. ನಾನು ಕಿಟಕಿಯ ಪಕ್ಕ ಕೂತು ಸೊಪ್ಪು ಬಿಡಿಸುತ್ತಾ ನೋಡುತ್ತಿದ್ದೆ. ಒಬ್ಬಳಿಗೆ ಎಷ್ಟು ಸೊಪ್ಪು ಬೇಕು? ಆದರೂ ಕಟ್ಟು ಪೂರ್ತಿ ಬಿಡಿಸುತ್ತಿದ್ದೆ, ಹೊತ್ತು ಹೋಗಬೇಕಲ್ಲ. "ಒಬ್ರೇ ಇರ್ತೀರಲ್ಲ ಮೇಡಂ, ಬೇಜಾರಾಗಲ್ವ?" ಎಂದು ವಠಾರದ ಹೆಂಗಸರು ಕೇಳಿದರೆ, "ಬೇಜಾರು ಮಾಡ್ಕೊಳ್ಳೋಕೆ ಪುರುಸೊತ್ತೆಲ್ರಿ ಇದೆ" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದೆ. ಶುದ್ಧ ಸುಳ್ಳು. ಭಾನುವಾರವೆಲ್ಲ ಪುರುಸೊತ್ತೇ.

ತೊಂಬತ್ತರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನ ಬಂದಾಗ ನಾನು ಪಾಠ ಮಾಡುತ್ತಿದ್ದ ಹೈಸ್ಕೂಲಿನಿಂದ ನನ್ನನ್ನು ನಿಯೋಜನೆ ಮೇಲೆ ಅದಕ್ಕೆ ಕಳಿಸಿದ್ದರು. ಅದು ಮುಗಿದ ಮೇಲೆ ಶಾಲೆಗೆ ವಾಪಸ್ಸು ಹೋಗಬಹುದು ಅಂದುಕೊಂಡರೆ ಇನ್ನೊಂದು ಕೆಲಸ ತಗುಲಿಹಾಕಿದರು. ತಾಲ್ಲೂಕು ಕಚೇರಿಗಳ ನೌಕರರಿಗೆ ತರಬೇತಿ ಕೊಡಬೇಕು: ಮಹಿಳಾ ಸಂಘ, ಯುವಕ ಸಂಘ, ಸ್ವಯಂಸೇವಾ ಸಂಸ್ಥೆ ಇವುಗಳ ಜೊತೆ ಸೇರಿ ಕೆಲಸ ಮಾಡುವುದು ಹೇಗೆ ಅಂತ. ಒಂದು ತಿಂಗಳು ಪಾಂಡವಪುರ, ಇನ್ನೊಂದು ತಿಂಗಳು ಕೆ.ಆರ್. ಪೇಟೆ, ಮತ್ತೊಮ್ಮೆ ನಾಗಮಂಗಲ. ಬ್ಯಾಗಿನಲ್ಲಿ ಚಾರ್ಟು, ಸ್ಕೆಚ್ ಪೆನ್ನು, ಒಂದು ಸೀರೆ. ನೌಕರರ ಪಾಲಿಗೆ ನಾನು "ಸಂಘದ ಮೇಡಂ." ಸಂಘದವರ ಪಾಲಿಗೆ "ಸರ್ಕಾರದೋರು." ಶಾಲೆಗೆ ಹೋದರೆ ಸ್ಟಾಫ್ ರೂಮಿನಲ್ಲಿ ನನ್ನ ಜಾಗದಲ್ಲಿ ಬೇರೆ ಯಾರೋ ಕೂತು ಪೇಪರ್ ತಿದ್ದುತ್ತಿದ್ದರು, "ಓ, ಏನ್ ಬಂದಿದ್ದು?" ಎಂದು ಕೇಳುತ್ತಿದ್ದರು. ಏನು ಬಂದಿದ್ದು ಅಂದರೆ ಏನು ಹೇಳುವುದು, ನನ್ನ ಕರ್ಮ.

ನನ್ನವರು ಅಂತ ಇದ್ದದ್ದು ಒಂದೇ ಮನೆ. ನಾಗಮಂಗಲದ ದಾರಿಯಲ್ಲಿ, ಬಸ್ಸಿಳಿದು ಒಳಕ್ಕೆ ನಡೆಯಬೇಕಾದ ಒಂದು ಊರು. ಆಂದೋಲನದ ಕಾಲದಲ್ಲಿ ಅಲ್ಲಿ ಅಕ್ಷರ ಕಲಿಸಲು ಹೋದಾಗ ಯಾರೂ ಒಳಗೆ ಕರೆಯದಿದ್ದ ದಿನ ಮೂಲೆಮನೆಯ ಅಕ್ಕ ಬಾಗಿಲಲ್ಲಿ ನಿಂತು, "ಅದೇನ್ ದೇವ್ರ್ ನಿಂತಂಗೆ ನಿಂತಿದ್ದೀಯವ್ವ, ಒಳಿಕ್ಕ್ ಬಾ" ಎಂದು ಗದರಿದ್ದಳು. ಗಟ್ಟಿ ಬಾಯಿಯ ಹೆಂಗಸು. ಅವಳ ಹಿಂದೆ ಊರಿನ ಹೆಂಗಸರೆಲ್ಲ ಕಲಿಯಲು ಬಂದರು, ಆಮೇಲೆ ಅದೇ ಒಂದು ಸಂಘವಾಯಿತು. ಶನಿವಾರ ಮಧ್ಯಾಹ್ನ ಅವರು ಸೇರುತ್ತಿದ್ದರು, ನಾನೂ ಹೋಗುತ್ತಿದ್ದೆ. ಸಂಘ ಮುಗಿದ ಮೇಲೆ ಅಕ್ಕನ ಜಗಲಿಯಲ್ಲಿ ಕಾಲು ಚಾಚಿಕೊಂಡು ಕೂತರೆ ನನ್ನ ತಲೆಯಲ್ಲಿ ಸಿಕ್ಕು ಕಂಡು ಬಾಚಣಿಗೆ ತರುತ್ತಿದ್ದಳು. ನನ್ನ ತಲೆ ಮುಟ್ಟುವವರು ಬೇರೆ ಯಾರೂ ಇರಲಿಲ್ಲ. ಆ ಊರು ಕೈಬಿಟ್ಟರೆ ನನಗೆ ಹೋಗಲು ಇನ್ನೊಂದು ಮನೆ ಇಲ್ಲ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು.

ಪಾಂಡವಪುರದ ಒಂದು ತರಬೇತಿಗೆ ನಾಗಮಂಗಲದಿಂದ ಒಬ್ಬ ರೆವಿನ್ಯೂ ಇನ್ಸ್‌ಪೆಕ್ಟರು ಬಂದಿದ್ದರು. ಬಾಬುರಾಯನಕೊಪ್ಪಲಿನವರು, ನಿವೃತ್ತಿಗೆ ಹತ್ತಿರವಾದವರು. ನಾನು ಎಲ್ಲರನ್ನೂ ಜಮಖಾನದ ಮೇಲೆ ದುಂಡಗೆ ಕೂರಿಸುತ್ತಿದ್ದೆ. ಆದರೂ ಟೀ ಬರುವ ಹೊತ್ತಿಗೆ ದೊಡ್ಡ ಹುದ್ದೆಯವರೆಲ್ಲ ಹೇಗೋ ಸರಿದು ಗೋಡೆಗೆ ಒರಗಿರುತ್ತಿದ್ದರು, ಚಿಕ್ಕ ಹುದ್ದೆಯವರು ಬಾಗಿಲ ಹತ್ತಿರ. ಎಬ್ಬಿಸಿ ಎಬ್ಬಿಸಿ ಮತ್ತೆ ಕೂರಿಸಬೇಕು. ಈ ಇನ್ಸ್‌ಪೆಕ್ಟರು ಮೊದಲ ದಿನವೇ ಮುಖ ಗಂಟು ಹಾಕಿಕೊಂಡು, "ಮೇಡಂ, ಸಂಗದೋರು ಅಂದ್ರೆ ಅರ್ಜಿ ತರೋರು, ಇಲ್ದಿದ್ರೆ ಧಿಕ್ಕಾರ ಕೂಗೋರು. ಅವ್ರ ಜೊತೆ ಏನ್ ಕೆಲ್ಸ ಮಾಡಾದು?" ಎಂದರು.

ಮಾರನೆಯ ದಿನ ಒಂದು ಸಣ್ಣ ನಾಟಕ ಆಡಿಸಿ ಅವರ ಕೈಗೇ ಅರ್ಜಿ ಕೊಟ್ಟೆ. ಅವರು ಸಂಘದ ಹೆಂಗಸಾಗಬೇಕು, ಸ್ವಯಂಸೇವಾ ಸಂಸ್ಥೆಯಿಂದ ಬಂದಿದ್ದವರೊಬ್ಬರು ಸಾಹೇಬರಾಗಬೇಕು. ಆ ಸಾಹೇಬರು ಪೇಪರ್ ಓದುತ್ತಲೇ ಇದ್ದರು, ತಲೆ ಎತ್ತಲಿಲ್ಲ. ಇನ್ಸ್‌ಪೆಕ್ಟರು ಟವೆಲ್ಲನ್ನು ತಲೆ ಮೇಲೆ ಸೆರಗು ಮಾಡಿಕೊಂಡು "ಸ್ವಾಮಿ, ಸ್ವಾಮಿ" ಎನ್ನುತ್ತಾ ನಿಂತೇ ಇದ್ದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಿಂತು ನಿಂತು ಅವರ ಮುಖ ಕೆಂಪಾಯಿತು. ಕೊನೆಗೆ ಟವೆಲ್ ತೆಗೆದು, "ಅಯ್ಯೋ ಸಿವ್ನೆ, ಇಂಗಾ ನಾವು ಮಾಡಾದು?" ಎಂದು ಕೂತುಬಿಟ್ಟರು. ಆಮೇಲೆ ಅವರಷ್ಟು ಮನಸ್ಸಿಟ್ಟು ಕೇಳಿದವರು ನನ್ನ ಯಾವ ತರಬೇತಿಯಲ್ಲೂ ಇರಲಿಲ್ಲ.

ತರಬೇತಿಯ ಕೊನೆಗೆ ಅವರನ್ನು ಒಂದು ಊರಿಗೆ ಕಳಿಸುವುದು ಪದ್ಧತಿ. ಹೋಗಿ ಸಂಘದವರ ಜೊತೆ ಕೂತು ಬರೀ ಕೇಳಿಸಿಕೊಂಡು ಬರಬೇಕು. ಈ ಇನ್ಸ್‌ಪೆಕ್ಟರ ಮೇಲೆ ನನಗೆ ನಂಬಿಕೆ ಬಂದಿತ್ತು. ನನ್ನದು ಅಂತಿದ್ದ ಅಕ್ಕನ ಊರಿಗೇ ಕಳಿಸಿದೆ. ನಾನು ಜೊತೆಗಿದ್ದರೆ ಹೆಂಗಸರು ನನ್ನ ಮುಖ ನೋಡಿ ಮಾತಾಡುತ್ತಾರೆ ಅಂತ ಪಾಂಡವಪುರದಲ್ಲೇ ಉಳಿದೆ.

ಆ ಊರಿನ ಶಾಲೆಯ ಪಕ್ಕದ ಬೋರಿಂಗಿನ ಕೈಪಂಪು ಕೆಟ್ಟು ಬಹಳ ಕಾಲವಾಗಿತ್ತು, ಹೆಂಗಸರು ತೋಟದ ಬಾವಿಯಿಂದ ನೀರು ಹೊರುತ್ತಿದ್ದರು. ಅದನ್ನೇ ಹೇಳಿದರಂತೆ. ಇನ್ಸ್‌ಪೆಕ್ಟರಿಗೆ ಕೇಳಿ ಕೇಳಿ ಮನಸ್ಸು ತಡೆಯಲಿಲ್ಲ. ಬರೀ ಕೇಳಿಸಿಕೊಂಡು ಹೋದರೆ ಇವರಿಗೇನು ಸಿಕ್ಕಿತು ಅನ್ನಿಸಿತಂತೆ. ಅವರು ಜೀವಮಾನವಿಡೀ ಮಾಡಿಕೊಂಡು ಬಂದ ಕೆಲಸ ಒಂದೇ: ಸ್ಥಳಕ್ಕೆ ಹೋಗುವುದು, ಕಂಡದ್ದನ್ನು ಕಂಡ ಹಾಗೆ ಬರೆದು ಮಹಜರು ಮಾಡುವುದು, ಪಂಚರು ಅಂತ ಊರಿನವರಿಂದ ಅದಕ್ಕೆ ಸಹಿ ಹಾಕಿಸುವುದು. ಬೋರಿಂಗಿನ ಕಟ್ಟೆ ಮೇಲೆ ಕೂತು ಮಹಜರು ಬರೆದೇಬಿಟ್ಟರು. ಆ ಊರಲ್ಲಿ ಅದುವರೆಗೆ ಪಂಚರೆಂದರೆ ಗಂಡಸರೇ. ಇವರು ತರಬೇತಿಯ ಹುರುಪಿನಲ್ಲಿ, "ನೀವೇ ಪಂಚರು ಕಣ್ರವ್ವ, ಆಕಿ ಸೈನು" ಎಂದರು. ಹೆಂಗಸರು ಒಬ್ಬೊಬ್ಬರಾಗಿ, ನಾನು ಕಲಿಸಿದ ಅಕ್ಷರದಲ್ಲಿ, ನಿಧಾನಕ್ಕೆ ಹೆಸರು ಬರೆದರು. ಅಕ್ಕ ತನ್ನ ಗಂಡನ ಹೆಸರನ್ನೂ ಸೇರಿಸಿ ಬರೆದಳಂತೆ.

ಇನ್ಸ್‌ಪೆಕ್ಟರು ಅದನ್ನು ಹೇಳುವಾಗ ನನಗೂ ಖುಷಿಯಾಯಿತು. ಆದರೆ ಶನಿವಾರ ಹೋದಾಗ ಬೀದಿಯಲ್ಲಿ ಒಂದು ನರಪಿಳ್ಳೆಯೂ ನನ್ನನ್ನು ಮಾತಾಡಿಸಲಿಲ್ಲ. ಸಂಘ ಸೇರಿರಲಿಲ್ಲ. ಅಕ್ಕನ ಗಂಡ ಜಗಲಿಯಲ್ಲಿ ಕೂತಿದ್ದ. "ಏನವ್ವಾ, ನಮ್ಮೆಂಗ್ಸ್ರುನ್ನ ಕೋಲ್ಟ್ ಮೆಟ್ಲು ಅತ್ತುಸ್ಬೇಕು ಅಂತ್ಲೇ ಬಂದಿದ್ದಾ ನೀನು?" ಎಂದ. ನನಗೆ ಅರ್ಥವಾಗಲಿಲ್ಲ. ಆಮೇಲೆ ಅವನೇ ಬಿಡಿಸಿ ಹೇಳಿದ. ಆ ಊರಿನಲ್ಲಿ ಹಿಂದೆ ಮಹಜರಿಗೆ ಸಹಿ ಹಾಕಿದ ಗಂಡಸರು ವರ್ಷಗಟ್ಟಲೆ ಸಾಕ್ಷಿ ಹೇಳಲು ಕೋರ್ಟಿಗೆ ಅಲೆದಿದ್ದರು. ಈಗ ಹೆಂಗಸರ ಸಹಿ ಸರ್ಕಾರದ ಕಾಗದಕ್ಕೆ ಬಿದ್ದಿದೆ, ನಾಳೆ ಪೊಲೀಸರು ಬಂದು ಕರೆಯುತ್ತಾರೆ, ಇವರು ಬೋನಿನಲ್ಲಿ ನಿಲ್ಲುತ್ತಾರೆ. "ನಾವೇನ್ ಸತ್ತೋಗಿದ್ವಾ ಪಂಚ್ರಾಗಕ್ಕೆ?" ಎಂದ. ಬೋರಿಂಗು ಕೆಟ್ಟಿದ್ದಕ್ಕೆ ಯಾವ ಕೋರ್ಟು ಯಾರನ್ನು ಕರೆಯುತ್ತದೆ ಎಂದು ನಾನು ಕೂಗಾಡಿದೆ. ಕೂಗಾಡಿದ್ದೇ ಬಂತು. ಅಕ್ಕ ಒಳಗಿಂದ ಹೊರಗೆ ಬರಲೇ ಇಲ್ಲ. ವಾಪಸ್ಸು ಬಸ್ಸಿಗೆ ನಡೆಯುವಾಗ ನನಗೆ ಕಣ್ಣೀರು ತಡೆಯಲಾಗಲಿಲ್ಲ.

ಸೋಮವಾರ ನಾಗಮಂಗಲಕ್ಕೆ ಹೋಗಿ ಇನ್ಸ್‌ಪೆಕ್ಟರನ್ನು ಕಚೇರಿಯ ಮುಂದೆಯೇ ತರಾಟೆಗೆ ತೆಗೆದುಕೊಂಡೆ. "ಬರೀ ಕೇಳಿಸ್ಕೊಂಡು ಬನ್ನಿ ಅಂತ ಬಾಯಿ ಬಡ್ಕೊಂಡಿದ್ದೆ. ನಿಮ್ಮ ಪೆನ್ನು ಸುಮ್ನೆ ಇರಲ್ವಾ? ಆ ಕಾಗದ ಹರಿದು ಬಿಸಾಕಿ."

"ಸರ್ಕಾರಿ ಕಾಗ್ದ ಅರಿಯಕ್ಕಾಯ್ತದಾ ಮೇಡಂ?" ಎಂದರು. ಮುಖ ಬಾಡಿತ್ತು. "ಬಾಯ್ಮಾತ್ನಲ್ಲಿ ಏಳಿದ್ರೆ ಗಾಳಿಗೋಯ್ತದೆ, ಬರದ್ರೆ ಯಾರೂ ಇಲ್ಲ ಅನ್ನಕ್ಕಾಗಲ್ಲ ಅಂತ ಒಳ್ಳೇದಕ್ಕೇ ಮಾಡ್ದೆ. ನಾನೇ ಓಯ್ತೀನಿ ಬುಡಿ."

ಹೋದರು. ಗಂಡಸರ ಜೊತೆ ಅರಳಿಕಟ್ಟೆಯ ಮೇಲೆ ದಿನವೆಲ್ಲ ಕೂತು ಬೈಸಿಕೊಂಡರು. ಆ ಮಹಜರನ್ನೇ ಹಿಡಿದುಕೊಂಡು ಎಂಜಿನಿಯರ ಬೆನ್ನು ಬಿದ್ದು ಬೋರಿಂಗು ರಿಪೇರಿ ಮಾಡಿಸಿದರು. ನೀರು ಬಂತು ಎಂದು ಕೇಳಿ ನನಗೆ ಹೋದ ಜೀವ ಬಂದಂತಾಯಿತು. ಇನ್ನು ಎಲ್ಲ ಸರಿಹೋಗುತ್ತದೆ, ಶನಿವಾರ ಹೋಗೋಣ ಅಂದುಕೊಂಡೆ.

ಶನಿವಾರಕ್ಕೆ ಮುಂಚೆಯೇ ಅಕ್ಕ ನಾಗಮಂಗಲದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ನನಗಾಗಿಯೇ ಕಾದಿದ್ದಳು. ಸುತ್ತಿ ಬಳಸಿ ಮಾತಾಡುವ ಹೆಂಗಸಲ್ಲ ಅವಳು.

"ನಿನ್ ಮ್ಯಾಲೆ ಆಕ್ಬುಟ್ಟೆ ಕಣವ್ವ" ಎಂದಳು.

"ಏನನ್ನ ಅಕ್ಕ?"

"ಎಲ್ಲಾನೂವೆ. ಇನ್ಸ್‌ಪೆಟ್ರುದು ಏನೂ ತಪ್ಪಿಲ್ಲ, ಎಂಗ್ಸ್ರು ಕೈಲಿ ಸೈನ್ ಆಕ್ಸಿ ಅಂತ ಆ ಮೇಡಮ್ಮನೇ ಏಳ್ಕೊಟ್ಟು ಕಳ್ಸಿದ್ದು ಅಂದ್ಬುಟ್ಟೆ. ಗಂಡುಸ್ರು ತಣ್ಣಗಾದ್ರು. ಸಂಗ ನಡುಸ್ಕಳ್ಳಿ, ಆದ್ರೆ ಅವ್ಳು ಊರೊಳಿಕ್ಕೆ ಕಾಲಿಕ್ಕಂಗಿಲ್ಲ ಅಂದ್ರು. ನಾನು ಊಂ ಅಂದೆ."

"ನಾನು ಹಾಗೆ ಹೇಳೇ ಇಲ್ವಲ್ಲ ಅಕ್ಕ!"

"ಗೊತ್ತು, ಸುಮ್ಕಿರು" ಎಂದು ನನ್ನ ಕೈ ಹಿಡಿದುಕೊಂಡಳು. "ಇನ್ಸ್‌ಪೆಟ್ರು ಮ್ಯಾಲೆ ಆಕುದ್ರೆ ಅವ್ನು ನಾಳಿಕ್ಕೆ ಬತ್ತಾನಾ? ನೀರಿಗೆ, ದಾರಿಗೆ, ಎಲ್ಲಾದ್ಕೂ ಅವ್ನು ಬೇಕು. ನೀನಾದ್ರೆ ನಮ್ಮೋಳು. ಬೈಸ್ಕತೀಯ, ಮರ್ತ್ಬುಡ್ತೀಯ. ಬ್ಯಾರೆಯೋರ್ ಮ್ಯಾಲೆ ಆಕಕ್ಕಾಯ್ತದಾ ಏಳು?"

ನಮ್ಮೋಳು. ಹುಟ್ಟಿದ ಮೇಲೆ ನನ್ನನ್ನು ಹಾಗೆ ಕರೆದವರು ಕಮ್ಮಿ. ಆ ಮಾತಿಗೆ ಸಂತೋಷ ಪಡಬೇಕೋ ಅಳಬೇಕೋ ಗೊತ್ತಾಗಲಿಲ್ಲ. "ಒಸಿ ದಿನ ಬರ್ಬ್ಯಾಡ, ನಾನೇ ಏಳ್ಕಳುಸ್ತೀನಿ" ಎಂದು ಅಕ್ಕ ಬಸ್ಸು ಹತ್ತಿದಳು.

ಹೇಳಿ ಕಳಿಸಲಿಲ್ಲ. ಒಂದು ಸಲ ಕಂಡಕ್ಟರ ಕೈಯಲ್ಲಿ ಒಂದು ಚೀಲ ಸೊಗಡಿನ ಅವರೆಕಾಯಿ ಬಂತು, ಬಾ ಎನ್ನುವ ಮಾತು ಬರಲಿಲ್ಲ. ಹೋಗಬಹುದಿತ್ತು, ನಿಲ್ಲಿಸಪ್ಪ ಅಂದರೆ ಬಸ್ಸು ನಿಲ್ಲುತ್ತಿತ್ತು. ಆದರೆ ನಾನು ಕಾಲಿಟ್ಟ ದಿನ ಸಂಘ ಮುರಿಯುತ್ತದೆ. ಅದನ್ನು ಕಟ್ಟಲು ಅಕ್ಕ ಎಷ್ಟು ಜನರ ಬಾಯಿಗೆ ಬಿದ್ದಿದ್ದಳು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಊರಿಗೆ ಬಸ್ಸಿಳಿಯುವ ಗೇಟು ಬಂದಾಗ ನಾನು ಬಸ್ಸಿನ ಇನ್ನೊಂದು ಪಕ್ಕದ ಕಿಟಕಿಯ ಕಡೆ ತಿರುಗುತ್ತಿದ್ದೆ. ಶನಿವಾರ ಬೇಸರ ಕಳೆಯಲು ಕರಿಘಟ್ಟದ ಬೆಟ್ಟ ಹತ್ತಿ ಇಳಿಯುತ್ತಿದ್ದೆ. ಅಕ್ಕನ ಮೇಲೆ ಸಿಟ್ಟು ಬರುತ್ತಿತ್ತು, ಬಂದಷ್ಟೇ ಬೇಗ ಹೋಗುತ್ತಿತ್ತು. ಅವಳ ಲೆಕ್ಕ ಸರಿಯಾಗಿಯೇ ಇತ್ತು, ಅದೇ ನನ್ನ ಹೊಟ್ಟೆ ಉರಿಸುತ್ತಿದ್ದದ್ದು.

ಇದಾಗಿ ಕೆಲವು ವರ್ಷಗಳ ಮೇಲೆ ಕೆ.ಆರ್. ಪೇಟೆಯಲ್ಲಿ ತರಬೇತಿ ನಡೆಯುತ್ತಿತ್ತು. ಇನ್ಸ್‌ಪೆಕ್ಟರು ಅಷ್ಟು ಹೊತ್ತಿಗೆ ನಿವೃತ್ತರಾಗಿದ್ದರು. ನಾಗಮಂಗಲಕ್ಕೆ ಹೊಸದಾಗಿ ಬಂದಿದ್ದ ಒಬ್ಬ ಅಂಗನವಾಡಿ ಮೇಲ್ವಿಚಾರಕಿ ಎದ್ದು ನಿಂತು ತನ್ನ ಅನುಭವ ಹೇಳಿದಳು. ತನ್ನ ವ್ಯಾಪ್ತಿಯಲ್ಲಿ ಒಂದು ಊರಿದೆಯಂತೆ. ಅಲ್ಲಿನ ಹೆಂಗಸರು ಯಾವ ಅಧಿಕಾರಿ ಬಂದರೂ ಹೆದರದೆ ಮಾತಾಡುತ್ತಾರಂತೆ, ಮಹಜರಿಗೆ ತಾವೇ ಮುಂದೆ ಬಂದು ಸಹಿ ಹಾಕುತ್ತಾರಂತೆ. ಗಂಡಸರೂ ಅಡ್ಡ ಬರುವುದಿಲ್ಲವಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಊಟದ ಹೊತ್ತಿಗೆ ಆ ಹುಡುಗಿ ನನ್ನ ಪಕ್ಕ ಬಂದು ಕೂತಳು. "ಅಲ್ಲಿ ಮೂಲೆಮನೆ ಅಜ್ಜಿ ಅಂತ ಒಬ್ರವ್ರೆ ಮೇಡಂ. ನಾನು ಹೋದ್ರೆ ಮಗ್ಳು ಬಂದಂಗೆ ಮಾಡ್ತಾರೆ. ನೀವೂ ಒಂದ್ಸಲ ಬನ್ನಿ, ಪರಿಚಯ ಮಾಡಿಸ್ಕೊಡ್ತೀನಿ" ಎಂದಳು.

ಆಗಲಿ ಎಂದೆ. ಅಕ್ಕನ ಮಂಡಿನೋವು ಈಗ ಹೇಗಿದೆ, ಚಳಿಗಾಲದಲ್ಲಿ ಹರಳೆಣ್ಣೆ ಬಿಸಿ ಮಾಡಿ ತಿಕ್ಕುವವರು ಯಾರಾದರೂ ಇದ್ದಾರಾ ಎಂದು ಕೇಳಲು ಬಾಯಿ ತೆರೆದೆ. ಕೇಳಿದರೆ ಈ ಹುಡುಗಿ, ನಿಮಗೆ ಹೇಗೆ ಗೊತ್ತು ಎನ್ನುತ್ತಾಳೆ. "ಮಜ್ಜಿಗೆ ಹಾಕಿಸ್ಕೊಳ್ಳಮ್ಮ" ಎಂದೆ.