ಐದು ಕಲ್ಲಿನ ಇಂಗ್ಲಿಷ್

ಅವತ್ತು ಸ್ಟಾಫ್ ರೂಮಿನಲ್ಲಿದ್ದವರು ಹೆಡ್‌ಮಾಸ್ಟರು, ಇಂಗ್ಲಿಷ್ ಮೇಡಂ ಮತ್ತು ಕನ್ನಡ ಪಾಠ ಮಾಡುವ ನಾನು. ಬಾಗಿಲಲ್ಲಿ ನಿಂತಿದ್ದವಳು, ಬಿಹಾರದಿಂದ ನಂಜನಗೂಡಿನ ಫ್ಯಾಕ್ಟರಿ ಕೆಲಸಕ್ಕೆ ಬಂದವರ ಮಗಳು.

"ಕನ್ನಡಾನೂ ಬರಲ್ಲ, ಇಂಗ್ಲಿಷೂ ಬರಲ್ಲ. ಐದನೇ ಕ್ಲಾಸಲ್ಲಿ ಕೂತು ಏನ್ ಮಾಡ್ತಾಳೆ? ಒಂದನೇ ಕ್ಲಾಸಿಗೆ ಕಳಿಸಿ ಮೇಡಂ," ಎಂದರು ಹೆಡ್‌ಮಾಸ್ಟರು. ಹಾಗೆ ಹಿಂದಕ್ಕೆ ಹಾಕಿದ ಮಕ್ಕಳು ಶಾಲೆಯನ್ನೇ ಬಿಡುತ್ತಿದ್ದುದು ನಮಗೆಲ್ಲ ಗೊತ್ತಿತ್ತು.

ಮೇಡಂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಅದು ಸೊಂಟಕ್ಕೆ ಹೋಯಿತೆಂದರೆ ಮುಗಿಯಿತು, ಅವರನ್ನು ಅಲ್ಲಾಡಿಸುವವರಿಲ್ಲ. "ಮಗೂಗೆ ಬರೋದ್ರಿಂದ ಶುರು ಮಾಡೋಣ ಸಾರ್. ಸ್ವಲ್ಪ ದಿನ ಕೊಡಿ." 'ಬರೋದ್ರಿಂದ ಶುರು' ಅನ್ನುವ ಮಾತನ್ನು ಅವರು ದಿನಾ ಆಡುತ್ತಿದ್ದರು.

ಹುಡುಗಿಯ ಮುಷ್ಟಿಯಲ್ಲಿ ಸದಾ ಐದು ಕಲ್ಲಿರುತ್ತಿದ್ದವು. ಮೇಡಂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ನಮ್ಮೂರ ಹುಡುಗಿಯರನ್ನೂ ಕರೆದು ಕಲ್ಲಾಟ ಶುರುಮಾಡಿದರು. ಕಲ್ಲು ಹಾರಿಸುವಾಗೆಲ್ಲ "ಮೈ ಟರ್ನ್, ಯುವರ್ ಟರ್ನ್" ಎನ್ನುವರು. ಒಂದು ಮಧ್ಯಾಹ್ನ ಹೆಡ್‌ಮಾಸ್ಟರು ಬಂದು ನಿಂತಾಗ, ಮೇಡಂ ಬೇಕೆಂದೇ ಹುಡುಗಿಯ ಸರದಿಯಲ್ಲಿ ತಾವು ಕಲ್ಲಿಗೆ ಕೈ ಹಾಕಿದರು.

"ನೋ ಮೇಡಂ! ಮೈ ಟರ್ನ್! ಗಿವ್!" ಹುಡುಗಿ ಕಿರುಚಿದಳು.

"ಯಾವ ಕ್ಲಾಸು ಸಾರ್?" ಎಂದರು ಮೇಡಂ, ಕೂತಲ್ಲಿಂದಲೇ.

"ಐದರಲ್ಲೇ ಇರ್ಲಿ ಬಿಡಿ. ಇಲ್ದಿದ್ರೆ ನನ್ನನ್ನೂ ಬೈದುಬಿಟ್ಟಾಳು!"

ಮುಂದಿನ ಜೂನಿನಲ್ಲಿ ಒರಿಸ್ಸಾದವನೊಬ್ಬ ಮಗಳನ್ನು ಸೇರಿಸಲು ಬಂದ. ಹೆಡ್‌ಮಾಸ್ಟರು ಟಿ.ಸಿ. ಕೇಳುವ ಮೊದಲು ತಮ್ಮ ಡ್ರಾಯರಿನಿಂದ ಐದು ಕಲ್ಲು ತೆಗೆದು ಆ ಮಗುವಿನ ಮುಂದಿಟ್ಟರು.