ನೀರು ಬಿಟ್ಟ ಹುಡುಗಿಯೊಂದಿಗೆ ಬೋನಾಳಕ್ಕೆ

ಜನವರಿಯ ಒಂದು ಶನಿವಾರ ಬೆಳಿಗ್ಗೆ ಎಂಟಕ್ಕೆ ಯಾದಗಿರಿಯಲ್ಲಿ ಶಹಾಪುರದ ಬಸ್ಸು ಹತ್ತಿದೆವು. ಜೊತೆಗಿದ್ದವಳು ನಾನು ಪಾಠ ಮಾಡುವ ಹತ್ತನೇ ತರಗತಿಯ ಮಾನಮ್ಮ. ವಯಸ್ಸು ಹದಿನಾರು, ನೋಡಿದವರು ಹನ್ನೆರಡು ಎನ್ನುತ್ತಾರೆ. ಕೈಕಾಲು, ಬೆನ್ನಿನ ನೋವಿನಿಂದ ವಾರವಿಡೀ ಆಸ್ಪತ್ರೆಯಲ್ಲಿದ್ದು ಹಿಂದಿನ ದಿನವಷ್ಟೇ ಹೊರಬಂದಿದ್ದಳು. ಅವಳ ಅಪ್ಪ ಸಾಬಣ್ಣ ಫೋನ್ ಮಾಡಿ, ಮಗಳನ್ನು ಹಾಸ್ಟೆಲ್ ಬಿಡಿಸಿ ಊರಿಗೆ ಕಳಿಸಿಬಿಡಿ, ಓದಿದ್ದು ಸಾಕು ಎಂದಿದ್ದ. ಪರೀಕ್ಷೆಗೆ ಎರಡೇ ತಿಂಗಳಿತ್ತು. ಕಳಿಸುವುದೇನು ಬಂತು, ನಾನೇ ಹೋಗಿ ಅವನನ್ನು ಒಪ್ಪಿಸಿ ಹುಡುಗಿಯನ್ನು ವಾಪಸ್ ಕರೆತರುತ್ತೇನೆ ಎಂದು ಹಟ ತೊಟ್ಟು ಹೊರಟಿದ್ದೆ.

ಇಬ್ಬರಿಗೂ ಶೂನ್ಯ ದರದ ಟಿಕೆಟ್. ಭೀಮಾ ಸೇತುವೆಯ ಮೇಲೆ ಕಿಟಕಿಯಿಂದ ಚಳಿಗಾಳಿ ನುಗ್ಗಿತು. ಚಳಿ ಅವಳಿಗೆ ಆಗದು. ಅವಳ ರಕ್ತದ ಕಣಗಳು ಕುಡಗೋಲಿನ ಹಾಗೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ, ಆ ನೋವು ಅದರದ್ದು ಎಂದು ಡಾಕ್ಟರು ಹೇಳಿದ್ದರು. ಬೇಗ ದಣಿಯುವುದಕ್ಕೂ, ಮೈ ತಡವಾಗಿ ಬೆಳೆಯುವುದಕ್ಕೂ ಅದೇ ಕಾರಣ. ನನ್ನ ಶಾಲು ಹೊದಿಸುವಾಗ ಅವಳ ಮುಂಗೈಯ ಮೇಲೆ ಎರಡು ಸುಟ್ಟ ಬರೆ ಕಂಡವು. ಕಣ್ಣು ಹಳದಿಯಾಗಿದ್ದನ್ನು ಕಾಮಣಿ, ಅಂದರೆ ಕಾಮಾಲೆ ಎಂದುಕೊಂಡು ಮನೆಯವರು ಚಿಕ್ಕಂದಿನಲ್ಲಿ ಹಾಕಿಸಿದ್ದರಂತೆ. ಎದುರು ಸೀಟಿನ ಅಜ್ಜಿಯೊಬ್ಬಳು ಹುಡುಗಿಯ ವಯಸ್ಸು ಕೇಳಿದಳು, ಹಿಂದೆಯೇ ದೊಡ್ಡವಳಾಗಿದ್ದಾಳೋ ಇಲ್ಲವೋ ಎಂದೂ ವಿಚಾರಿಸಿದಳು. ಮಾನಮ್ಮ ಕಿಟಕಿಯ ಕಡೆ ತಿರುಗಿದಳು. ಆ ಉಸಾಬರಿ ನಿಮಗ್ಯಾಕೆ ಎಂದು ನಾನು ಮುಖಕ್ಕೆ ಹೊಡೆದ ಹಾಗೆ ಹೇಳಿದೆ.

ಶಹಾಪುರ ತಲುಪಲು ಒಂದು ಗಂಟೆ ಹಿಡಿಯಿತು. ನಿಲ್ದಾಣದ ಎದುರು ಒಗ್ಗರಣೆ ಹಾಕಿದ ಚುರುಮುರಿ, ಮಿರ್ಚಿ ಭಜಿ ತಿಂದೆವು. ಮಾನಮ್ಮ ನೀರು ಮುಟ್ಟಲಿಲ್ಲ. ಡಾಕ್ಟರು ಹೇಳಿದ್ದು ಹೆಚ್ಚು ನೀರು ಕುಡಿ ಎಂದು, ನೀನು ಮಾಡುವುದು ಇನ್ನೊಂದು ಎಂದು ಗದರಿದೆ. ಅವಳು ತಲೆ ತಗ್ಗಿಸಿದಳು.

“ಕುಡದ್ರ ಮತ್ತ ಮತ್ತ ಹೋಗಬೇಕಾಗ್ತದ ಟೀಚರ್. ನೀವು ಕ್ಲಾಸಿನ್ಯಾಗ ಅಂದಾಗಿಂದ ಕುಡಿಯೂದು ಬಿಟ್ಟೀನ್ರಿ.”

ಹೌದು, ಅಂದಿದ್ದೆ. ದಸರಾ ರಜೆಯ ನಂತರ ಒಂದು ದಿನ, ಪಾಠದ ನಡುವೆ ಶೌಚಾಲಯಕ್ಕೆಂದು ಎರಡನೇ ಸಲ ಎದ್ದು ನಿಂತವಳಿಗೆ, ನಿನಗೆ ಹಾಸಿಗೆಯನ್ನೂ ಅಲ್ಲೇ ಹಾಕಿಸಲೇನು ಎಂದು ಕೇಳಿ ಇಡೀ ತರಗತಿಯನ್ನು ನಗಿಸಿದ್ದೆ. ಈ ಕಾಯಿಲೆಯಲ್ಲಿ ಮೂತ್ರಪಿಂಡಕ್ಕೆ ನೀರು ಹಿಡಿದಿಡಲು ಆಗುವುದಿಲ್ಲ, ಕುಡಿಯುವುದು ಕಡಿಮೆಯಾದರೆ ನೋವು ಏರುತ್ತದೆ ಎಂದು ಆಸ್ಪತ್ರೆಯಲ್ಲಿ ತಿಳಿಯಿತು. ತಿಳಿದ ಮೇಲೂ ನನ್ನ ಮಾತು ನನಗೆ ನೆನಪಾಗಿರಲಿಲ್ಲ. ಈ ನಾಲಿಗೆ ಅಂದೇ ಸೇದಿಹೋಗಬಾರದಿತ್ತೇ ಅನಿಸಿತು. ಅವಳ ಮುಂದೆ ಕೈಮುಗಿಯಲು ಹೋದೆ, ಅವಳು ಗಾಬರಿಯಾಗಿ ನನ್ನ ಕೈ ಹಿಡಿದುಕೊಂಡಳು.

ಸುರಪುರಕ್ಕೆ ಇನ್ನೊಂದು ಬಸ್ಸು, ಅಲ್ಲಿಂದ ಬೋನಾಳಕ್ಕೆ ಟಂಟಂ ಗಾಡಿ, ತಲೆಗೆ ಮೂವತ್ತು ರೂಪಾಯಿ. ಬೋನಾಳದ ಕೆರೆಯ ತುಂಬ ದೂರದೇಶದ ಹಕ್ಕಿಗಳಿದ್ದವು, ಇಳಿದು ನೋಡುವ ಮನಸ್ಸಾಗಲಿಲ್ಲ. ಕಾಲುವೆ ನೀರು ನಿಂತ ಗದ್ದೆಗಳಲ್ಲಿ ಹೆಂಗಸರು, ಹುಡುಗಿಯರು ಬಗ್ಗಿ ನಾಟಿ ಹಚ್ಚುತ್ತಿದ್ದರು. ಊರಿಗೆ ಮರಳಿದರೆ ಮಾನಮ್ಮನ ಜಾಗ ಆ ತಣ್ಣೀರಿನಲ್ಲೇ.

ಸಾಬಣ್ಣ ಬಾಗಿಲಲ್ಲಿ ಕಾಯುತ್ತಿದ್ದ. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಜೋಳದ ರೊಟ್ಟಿ, ಪುಂಡಿಪಲ್ಲೆ ಬಡಿಸಿದರು. ಉಂಡ ಮೇಲೆ ಅವನು ನೇರವಾಗಿಯೇ ಕೇಳಿದ. ಹಾಸ್ಟೆಲ್ಲಿನಲ್ಲಿ ನೋವು ಬಂದರೆ ಇವಳನ್ನು ನೋಡುವವರು ಯಾರು? ಮನೆಯಲ್ಲಾದರೆ ತಾಯಿ ಇದ್ದಾಳೆ, ಕೈಕಾಲಾದರೂ ತಿಕ್ಕುತ್ತಾಳೆ. ತಪ್ಪು ಮಾತೇನಲ್ಲ. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ವಾದವೆಲ್ಲ ಬಿಟ್ಟು, ತರಗತಿಯಲ್ಲಿ ನಾನು ಅಂದದ್ದನ್ನು, ಅದರಿಂದ ಆದದ್ದನ್ನು, ಅವಳ ನೋವು ದಣಿವೆಲ್ಲ ರಕ್ತದ ಕಾಯಿಲೆಯದ್ದು ಎಂಬುದನ್ನು ಹೇಳಿಬಿಟ್ಟೆ. ಇನ್ನಂತೂ ಇವನು ಕಳಿಸುವುದಿಲ್ಲ ಎಂದುಕೊಂಡೆ. ಆಗ ಬಾಗಿಲ ಹತ್ತಿರ ಕೂತಿದ್ದ ಮಾನಮ್ಮ ಬಾಯಿ ಬಿಟ್ಟಳು.

“ನೋವು ಇಲ್ಲೂ ಬರ್ತದ, ಅಲ್ಲೂ ಬರ್ತದ ಅಪ್ಪ. ಅಲ್ಲಿದ್ರ ಪರೀಕ್ಷಾ ಆದ್ರೂ ಬರೀತೀನಿ.”

ಸಾಬಣ್ಣ ಎದ್ದು ಹೊರಗೆ ಹೋದ. ಮರುದಿನ ಬಿಸಿಲೇರಿದ ಮೇಲೆ ಅವಳ ಚೀಲವನ್ನು ತಾನೇ ಹೆಗಲಿಗೆ ಹಾಕಿಕೊಂಡು ನಮ್ಮ ಜೊತೆ ಸುರಪುರದವರೆಗೆ ಬಂದ. ನೋವು ಬಂದರೆ ಮೊದಲು ಆಸ್ಪತ್ರೆಗೆ ಒಯ್ಯಬೇಕು, ಆಮೇಲೆ ತನಗೆ ಫೋನ್ ಮಾಡಬೇಕು ಎಂದು ನನ್ನಿಂದ ಎರಡು ಸಲ ಮಾತು ತೆಗೆದುಕೊಂಡ. ನಾವು ಬಸ್ಸಿನಲ್ಲಿ ಕೂತ ಮೇಲೆ ಕಿಟಕಿಯ ಹತ್ತಿರ ಬಂದು ಸರಳು ಹಿಡಿದು ನಿಂತ. ಡ್ರೈವರ್ ಬಸ್ಸು ಚಾಲೂ ಮಾಡಿದ.

“ಗದ್ದ್ಯಾಗ ನಿನಗ ಮೈಗಳ್ಳಿ ಅಂತ ಬೈತಿದ್ದೆ. ಮನಸ್ಸಿನ್ಯಾಗ ಇಟ್ಕೋಬ್ಯಾಡ ನನ್ನವ್ವ” ಎಂದ.

ಮಾನಮ್ಮ ಅವನ ಬೆರಳುಗಳ ಮೇಲೆ ಕೈಯಿಟ್ಟಳು.

“ನಾನೂ ನನ್ನ ಮೈಗಳ್ಳಿ ಅಂತನ ಅನ್ಕೊಂಡಿದ್ದೆ ಅಪ್ಪ” ಎಂದಳು.