ಟೀಚರಮ್ಮನ ಗುಡ್ಡ

ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ಡ್ರಾಯಿಂಗ್ ಟೀಚರಮ್ಮನ ಗುಡ್ಡ ದೂರದ್ದೂ ಅಲ್ಲ, ನುಣ್ಣಗೂ ಇರಲಿಲ್ಲ. ಅಡುಗೆಮನೆಯ ಕಿಟಕಿ ತೆರೆದರೆ ಎದುರಿಗೇ ಒರಟಾಗಿ ಕೂತಿರುತ್ತಿತ್ತು. ಮದುವೆಯಾಗಿ ಆ ಮನೆಗೆ ಬಂದಾಗಿನಿಂದ ಅವಳು ಬರೆದದ್ದೆಲ್ಲ ಅದನ್ನೇ.

"ಜಗತ್ತಿನಲ್ಲಿ ಬರೆಯೋಕೆ ಬೇರೆ ಏನೂ ಇಲ್ವೇನೇ?" ಎಂದು ಅತ್ತೆ ಗೊಣಗುತ್ತಿದ್ದರು.

"ಆ ಬಂಡೆಯ ಗುಲಾಬಿ ಎಳೆಯೇ ಇನ್ನೂ ಸರಿಯಾಗಿ ಬಂದಿಲ್ಲ ಅತ್ತೆ."

ಮೊದಮೊದಲ ಚಿತ್ರಗಳಲ್ಲಿ ಪೊದೆ, ಬಂಡೆ, ಮೇಕೆ ಎಲ್ಲ ಗಿಜಿಗುಡುತ್ತಿದ್ದವು. ಆಮೇಲೆ ಕಲ್ಲು ಕ್ವಾರಿಯವರು ಬಂದರು. ಸಿಡಿಮದ್ದಿನ ಸದ್ದಿಗೆ ಕಪಾಟಿನ ಪಾತ್ರೆಗಳು ನಡುಗಿದವು. ಮೇಕೆಗಳು ಹೋದವು, ಪೊದೆ ಹೋಯಿತು, ಗುಡ್ಡದ ಬಲಭುಜವೇ ಹೋಯಿತು. ಹಾಡಹಗಲಿನ ದರೋಡೆ! ಟೀಚರಮ್ಮ ದೂರು ಕೊಟ್ಟಳು. ಕಚೇರಿಯವರು ಕೂರಿಸಿ, ಕುಡಿಯಲು ನೀರು ಕೊಟ್ಟು, ಕಳಿಸಿದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಅವಳ ಕೈಯಲ್ಲಿ ಇನ್ನೇನಿತ್ತು? ಇದ್ದದ್ದನ್ನು ಇದ್ದ ಹಾಗೆ ಬರೆದಳು. ಕೊನೆಕೊನೆಗೆ ಹಾಳೆಯ ತುಂಬ ಧೂಳಿನ ಬಣ್ಣ, ಕೆಳಗೊಂದು ಗೆರೆ, ಅಷ್ಟೇ. ಎಲ್ಲ ಚಿತ್ರಗಳನ್ನೂ ಸಾಲಾಗಿ ತೂಗುಹಾಕಬೇಕು, ನೋಡಿದವರಲ್ಲಿ ಒಬ್ಬರಾದರೂ "ಅಯ್ಯೋ, ಗುಡ್ಡ ಎಲ್ಲಿ?" ಅನ್ನಬೇಕು ಎಂಬುದೊಂದೇ ಅವಳ ಆಸೆ.

ಅಂತೂ ಊರಿನ ಹೊಸ ಸಭಾಭವನದಲ್ಲಿ ಪ್ರದರ್ಶನ ಏರ್ಪಾಡಾಯಿತು. ಕಲಾ ವಿಮರ್ಶಕನೊಬ್ಬ ಮೈಕ್ ಹಿಡಿದ.

"ಕಿಕ್ಕಿರಿದ ವಿವರಗಳಿಂದ ಶುದ್ಧ ಶೂನ್ಯದ ಕಡೆಗೆ! ಮೇಡಂ ಶೈಲಿ ಎಷ್ಟು ಮಾಗಿದೆ ನೋಡಿ. ಬೇಡದ್ದನ್ನೆಲ್ಲ ಬಿಡ್ತಾ ಬಂದಿದ್ದಾರೆ."

ಬೇಡದ್ದು! ಟೀಚರಮ್ಮನ ಮೈಯೆಲ್ಲ ಉರಿದುಹೋಯಿತು. ಮಾಗುವುದಕ್ಕೆ ಇದೇನು ಹಣ್ಣೇ? ಎದ್ದುಹೋಗಿ ಅವನ ಕೈಯಿಂದ ಮೈಕ್ ಕಿತ್ತುಕೊಂಡಳು.

"ನಾನು ಒಂದು ಕಲ್ಲನ್ನೂ ಬಿಟ್ಟಿಲ್ಲ ಸ್ವಾಮಿ. ಗುಡ್ಡಾನೇ ಇಲ್ಲ!"

ಸಭೆ ನಕ್ಕು ಚಪ್ಪಾಳೆ ತಟ್ಟಿತು. "ಎಷ್ಟು ಆಳವಾದ ಮಾತು!" ಎಂದು ಮುಂದಿನ ಸಾಲಿನ ಹೆಂಗಸೊಬ್ಬಳು ತಲೆದೂಗಿದಳು.

ಟೀಚರಮ್ಮ ಅವಮಾನದಿಂದ ತಲೆ ತಗ್ಗಿಸಿದಳು. ಆಗ ನೆಲ ಕಣ್ಣಿಗೆ ಬಿತ್ತು. ಮುಖ ಕಾಣುವಷ್ಟು ಪಾಲಿಶ್ ಮಾಡಿದ ಬೂದುಗಲ್ಲು, ಅದರೊಳಗೆ ತೆಳ್ಳನೆಯ ಗುಲಾಬಿ ಎಳೆ. ಆ ಗುಲಾಬಿಯನ್ನು ಕುಂಚಕ್ಕೆ ತರಲು ಅವಳು ಅರ್ಧ ಆಯುಷ್ಯ ಸವೆಸಿದ್ದಳು. ಅವಳಿಗೆ ಗುರುತು ತಪ್ಪುವುದುಂಟೇ?

"ಗುಡ್ಡ ಎಲ್ಲಿ ಹೋಯ್ತು ಅಂತ ನಿಮ್ಮಲ್ಲಿ ಒಬ್ಬರೂ ಕೇಳಲಿಲ್ಲ," ಅಂದಳು. "ಕೆಳಗೆ ನೋಡಿ. ಅದನ್ನೇ ತುಳ್ಕೊಂಡು ಕೂತಿದ್ದೀರಿ."

ಚಪ್ಪಾಳೆ ನಿಂತಿತು. ಮುಂದಿನ ಸಾಲಿನ ಆ ಹೆಂಗಸು ಮೆಲ್ಲಗೆ ಒಂದು ಕಾಲು ಎತ್ತಿದಳು. ಇಡಲು ಬೇರೆ ಜಾಗವಿರಲಿಲ್ಲ.